ಸೇನೆಯಿಂದ ಮರಳಿದ ತಮ್ಮನಿಗೆ ಕಾಲೇಜು ಯಾವ ದಾರಿ?

ಪ್ರಶ್ನೆ: ನನ್ನ ತಮ್ಮ ಅಮೆರಿಕದ ಸೇನೆಯಲ್ಲಿ ವೈದ್ಯಕೀಯ ಸಹಾಯಕನಾಗಿದ್ದ. ಅಫ್ಘಾನಿಸ್ತಾನದಲ್ಲಿ ರಸ್ತೆಬದಿಯ ಬಾಂಬ್ ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. 2014ರಲ್ಲಿ ಸೇನೆ ಬಿಟ್ಟ. ಈಗ ಅವನಿಗೆ 36 ವರ್ಷ. ಕೃತಕ ಕಾಲಿನಲ್ಲಿ ಚೆನ್ನಾಗಿ ನಡೆಯುತ್ತಾನೆ. ಆದರೆ ರಾತ್ರಿ ನಿದ್ರೆಯಿಲ್ಲ, ಜನ ಸೇರಿದ ಕಡೆ ನಿಲ್ಲಲಾರ, ಓದಿದ್ದು ತಲೆಯಲ್ಲಿ ಉಳಿಯುವುದಿಲ್ಲ ಎನ್ನುತ್ತಾನೆ. ಈಚೆಗೆ ನರ್ಸಿಂಗ್ ಓದುತ್ತೇನೆ ಎನ್ನತೊಡಗಿದ್ದಾನೆ. ಕಂಪ್ಯೂಟರ್ ಕಲಿತು ಮನೆಯಿಂದಲೇ ಕೆಲಸ ಮಾಡಲಿ ಎಂಬುದು ನನ್ನ ಆಸೆ. ಈ ವಯಸ್ಸಿನಲ್ಲಿ ಹುಡುಗರ ಜೊತೆ ಕೂತು ಏನು ಓದುತ್ತಾನೆ ಎಂದು ಅಪ್ಪ ಕೇಳುತ್ತಾರೆ. ಅರ್ಜಿಗಳನ್ನೆಲ್ಲ ನಾನೇ ತುಂಬುತ್ತಿದ್ದೇನೆ. ಏನು ಮಾಡಲಿ?
— ಒಬ್ಬ ಅಕ್ಕ, ನ್ಯೂಜೆರ್ಸಿ

ಉತ್ತರ: ಅಮೆರಿಕದ ಒಂದು ಸಮುದಾಯ ಕಾಲೇಜಿನಲ್ಲಿ ಅಂಗವಿಕಲ ವಿದ್ಯಾರ್ಥಿಗಳ ನೆರವು ಕಚೇರಿಯಲ್ಲಿ ಬಹುಕಾಲ ಕೆಲಸ ಮಾಡಿದವಳು ನಾನು. ನಿಮ್ಮ ತಮ್ಮನಂಥವರು ಅಕ್ಕನನ್ನೋ ಹೆಂಡತಿಯನ್ನೋ ಜೊತೆಗೆ ಕರೆದುಕೊಂಡು ಬರುತ್ತಿದ್ದರು. ಮಾತೆಲ್ಲ ಜೊತೆಗೆ ಬಂದವರದೇ. ಹಾಗಾಗಿ ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ದಯವಿಟ್ಟು ಅರ್ಜಿ ತುಂಬುವುದನ್ನು ನಿಲ್ಲಿಸಿ. ಪಕ್ಕದಲ್ಲಿ ಕೂತುಕೊಳ್ಳಿ, ಕಾಗದ ಹುಡುಕಿಕೊಡಿ, ಆದರೆ ಪೆನ್ನು ಅವನ ಕೈಯಲ್ಲಿರಲಿ. ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ತಾನಾಗಿ ಹೋಗಿ ಕೇಳದೆ ಯಾವ ಅನುಕೂಲವೂ ಸಿಗುವುದಿಲ್ಲ. ಸೇನೆ ಗಾಯವನ್ನು ನುಂಗಿಕೊಳ್ಳುವುದನ್ನು ಕಲಿಸಿರುತ್ತದೆ. 'ನನಗೆ ಇದು ಬೇಕು' ಎಂದು ಬಾಯಿಬಿಟ್ಟು ಹೇಳುವುದು ಅವನು ಹೊಸದಾಗಿ ಕಲಿಯಬೇಕಾದ ಪಾಠ. ಅದನ್ನು ನೀವು ಅವನ ಪರವಾಗಿ ಕಲಿಯಲಾಗದು.

ಹಣದ ವಿಷಯ. 9/11 ನಂತರದ ಜಿಐ ಮಸೂದೆಯ (ಸೇನೆಯಲ್ಲಿದ್ದವರ ಓದಿನ ಖರ್ಚಿಗೆ ಸರ್ಕಾರ ನೆರವಾಗುವ ಕಾನೂನು) ಸೌಲಭ್ಯವನ್ನು ಎಲ್ಲರೂ ಹೇಳುತ್ತಾರೆ, ಅದು ಸಾಮಾನ್ಯವಾಗಿ 36 ತಿಂಗಳ ಓದಿಗೆ. ಆದರೆ ಸೇವೆಯಲ್ಲಿ ಅಂಗವಿಕಲರಾದವರಿಗೆ ಬೇರೆಯದೇ ದಾರಿಯಿದೆ. ಮಾಜಿ ಸೈನಿಕರ ಇಲಾಖೆ ನಡೆಸುವ ಪುನರ್ವಸತಿ ಮತ್ತು ಉದ್ಯೋಗ ಯೋಜನೆ ಅದು. ಬಾಯಿಮಾತಿನಲ್ಲಿ ಎಲ್ಲರೂ 'ಚಾಪ್ಟರ್ 31' ಎನ್ನುತ್ತಾರೆ. ಇಲಾಖೆ ಶೇಕಡ 10ರಷ್ಟಾದರೂ ಅಂಗವೈಕಲ್ಯ ಗುರುತಿಸಿದ್ದರೆ ಅರ್ಜಿ ಹಾಕಬಹುದು, ಅರ್ಹತೆಯನ್ನು ಅಲ್ಲಿನ ಸಲಹೆಗಾರರು ನಿರ್ಧರಿಸುತ್ತಾರೆ. ಸಾಮಾನ್ಯವಾಗಿ 48 ತಿಂಗಳವರೆಗೆ ಶುಲ್ಕ, ಪುಸ್ತಕ, ಬೇಕಾದ ಸಲಕರಣೆ ಎಲ್ಲ ಸಿಗುತ್ತವೆ, ಜೊತೆಗೆ ಜೀವನಾಧಾರಕ್ಕೆ ಭತ್ಯೆ. 2013ರ ಜನವರಿ 1ರ ನಂತರ ಸೇನೆ ಬಿಟ್ಟವರಿಗೆ ಹಳೆಯ 12 ವರ್ಷದ ಗಡುವು ಅನ್ವಯಿಸುವುದಿಲ್ಲ, ಆದ್ದರಿಂದ ತಡವಾಯಿತೆಂದು ಚಿಂತಿಸಬೇಡಿ.

ಈ ಯೋಜನೆಯೊಳಗಿನ ಒಂದು ನಿಯಮ ಹೆಚ್ಚಿನವರಿಗೆ ತಿಳಿಯದೇ ಹೋಗುತ್ತದೆ. ಅಂಗವೈಕಲ್ಯದಿಂದಾಗಿ ಪೂರ್ಣ ಹೊರೆ ಹೊರಲಾಗದು ಎಂದು ವೈದ್ಯರು ದೃಢಪಡಿಸಿದರೆ, ಕಡಿಮೆ ವಿಷಯ ತೆಗೆದುಕೊಂಡರೂ ಪೂರ್ಣಾವಧಿ ವಿದ್ಯಾರ್ಥಿಯೆಂದೇ ಪರಿಗಣಿಸಿ ಭತ್ಯೆ ಕೊಡಲು ಅವಕಾಶವಿದೆ. ಭತ್ಯೆ ಕಡಿಮೆಯಾದೀತೆಂಬ ಭಯಕ್ಕೆ ಮೊದಲ ಸೆಮಿಸ್ಟರಿನಲ್ಲೇ ನಾಲ್ಕೈದು ವಿಷಯ ಹೊತ್ತು, ಅಕ್ಟೋಬರ್ ಹೊತ್ತಿಗೆ ತರಗತಿಗೆ ಬರುವುದನ್ನೇ ಬಿಟ್ಟ ಎಷ್ಟೋ ಮಂದಿಯನ್ನು ಕಂಡು ಸಂಕಟಪಟ್ಟಿದ್ದೇನೆ. ನಡುವೆ ಬಿಟ್ಟರೆ ಕೊಟ್ಟ ಹಣವನ್ನು ಇಲಾಖೆ ವಾಪಸು ಕೇಳಬಹುದು, ಆಗ ಸೋಲಿನ ಜೊತೆಗೆ ಸಾಲವೂ ಸೇರಿಕೊಳ್ಳುತ್ತದೆ. ಎರಡು ವಿಷಯ ಸಾಕು. ಮೊದಲ ಸೆಮಿಸ್ಟರ್ ಅಂಕಕ್ಕಾಗಿ ಅಲ್ಲ, ಮತ್ತೆ ನಾಲ್ಕು ಜನರ ನಡುವೆ ಕೂರುವ ಅಭ್ಯಾಸಕ್ಕಾಗಿ ಎಂದುಕೊಳ್ಳಿ. ಬಿಡಲೇಬೇಕಾದ ಪರಿಸ್ಥಿತಿ ಬಂದರೆ ಸುಮ್ಮನೆ ಮರೆಯಾಗದೆ, ಮೊದಲು ಸಲಹೆಗಾರರ ಹತ್ತಿರ ಮಾತನಾಡಲಿ.

ಕಾಲೇಜಿನ ನೆರವು ಕಚೇರಿ ಕೊಡುವ ಪತ್ರ ಹೇಗಿರುತ್ತದೆಂದು ಹೇಳಿಬಿಡುತ್ತೇನೆ, ಏಕೆಂದರೆ ಅದರ ಬಗ್ಗೆಯೇ ಎಲ್ಲರಿಗೂ ಹೆದರಿಕೆ. ಅದರಲ್ಲಿ ಕಾಯಿಲೆಯ ಹೆಸರಿರುವುದಿಲ್ಲ. ಯುದ್ಧ, ಬಾಂಬ್, ಆಘಾತ, ಯಾವುದೂ ಇರುವುದಿಲ್ಲ. 'ಈ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಒಂದೂವರೆ ಪಟ್ಟು ಸಮಯ, ಪ್ರತ್ಯೇಕ ಕೊಠಡಿ, ಪಾಠ ಧ್ವನಿಮುದ್ರಿಸಿಕೊಳ್ಳಲು ಅನುಮತಿ, ಬಾಗಿಲ ಹತ್ತಿರ ಗೋಡೆಗೆ ಬೆನ್ನಾಗಿ ಕೂರುವ ಜಾಗ, ಬೇಕೆನಿಸಿದಾಗ ಎದ್ದು ಹೊರಹೋಗುವ ಅವಕಾಶ' — ಇಷ್ಟೇ. ಗೋಡೆಗೆ ಬೆನ್ನಾಗಿ ಏಕೆಂದು ಅವನಿಗೆ ವಿವರಿಸಬೇಕಾಗಿಲ್ಲ. ಹಿಂದೆ ಯಾರೂ ಇಲ್ಲ, ಹೊರಹೋಗುವ ದಾರಿ ಕಣ್ಣಿಗೆ ಕಾಣುತ್ತಿದೆ ಎಂದಾಗ ಮಾತ್ರ ಅವನ ಕಿವಿ ಪಾಠದ ಕಡೆಗೆ ಹೊರಳುತ್ತದೆ. ಯಾರೋ ನೆಲದ ಮೇಲೆ ಬಿಟ್ಟುಹೋದ ಚೀಲವನ್ನೇ ನೋಡುತ್ತ ಇಡೀ ಒಂದು ಗಂಟೆ ಕಳೆದ ವಿದ್ಯಾರ್ಥಿಯನ್ನು ನಾನು ಬಲ್ಲೆ. ನೆನಪು ಉಳಿಯದಿರುವುದಕ್ಕೆ ನಿದ್ರೆಗೇಡು ಒಂದೇ ಕಾರಣ ಆಗಿರಲಿಕ್ಕಿಲ್ಲ. ಸ್ಫೋಟದ ಹೊಡೆತದಿಂದ ಮಿದುಳಿಗೂ ಪೆಟ್ಟಾಗಿರಬಹುದು. ಆ ಪರೀಕ್ಷೆ ಆಗಿದೆಯೇ ಎಂದು ಕೇಳಿ, ಆಗಿಲ್ಲದಿದ್ದರೆ ಪ್ರವೇಶಕ್ಕೆ ಮುಂಚೆಯೇ ಮಾಡಿಸಿ.

ಕಾಲಿನ ಮಾತು. ನಡೆಯಬಲ್ಲ ಎಂಬುದು ಬೇರೆ, ದಿನವಿಡೀ ನಡೆಯಬಲ್ಲ ಎಂಬುದು ಬೇರೆ. ಮಧ್ಯಾಹ್ನದ ಹೊತ್ತಿಗೆ ಕೃತಕ ಕಾಲನ್ನು ತೊಡಿಸಿದ ಕಡೆ ಚರ್ಮ ಬೆವರಿ, ಉಜ್ಜಿ, ಹುಣ್ಣಾಗುವುದುಂಟು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹತ್ತೇ ನಿಮಿಷದಲ್ಲಿ ಓಡಬೇಕಾದ ವೇಳಾಪಟ್ಟಿ ಬೇಡ. ಎರಡು ತರಗತಿಗಳ ನಡುವೆ ಕಾಲು ಬಿಚ್ಚಿಟ್ಟು ಕೂರಲು ಒಂದು ಖಾಸಗಿ ಜಾಗ ಬೇಕೆಂದು ಅವನು ಕೇಳಲಿ. ಕೇಳಲು ನಾಚುತ್ತಾರೆ, ಆದರೆ ಕೇಳಿದರೆ ಸಿಗುತ್ತದೆ.

ನರ್ಸಿಂಗೋ ಕಂಪ್ಯೂಟರೋ? ನಿಮ್ಮ ಆಸೆಯ ಹಿಂದಿನ ಪ್ರೀತಿ ಅರ್ಥವಾಗುತ್ತದೆ. ಆದರೆ ಜನರ ಮುಖ ನೋಡದೆ ಮನೆಯಲ್ಲೇ ಕೂತು ಮಾಡುವ ಕೆಲಸ ಅವನ ಭಯವನ್ನು ಗಟ್ಟಿಮಾಡೀತೆಂಬ ಆತಂಕ ನನ್ನದು. ಇತ್ತ ನರ್ಸಿಂಗ್‌ನಲ್ಲಿ ರಕ್ತ, ಕೂಗು, ರಾತ್ರಿಪಾಳಿ ಇವೆ. ಇವನ್ನು ತಾಳಬಲ್ಲನೇ ಎಂಬುದನ್ನು ನೀವಾಗಲಿ ನಾನಾಗಲಿ ಊಹಿಸುವ ಬದಲು, ಅವನಿಗೆ ಚಿಕಿತ್ಸೆ ನೀಡುತ್ತಿರುವವರೊಂದಿಗೆ ಅವನೇ ಮಾತನಾಡಲಿ, ಮೊದಲು ಅಂಗರಚನಾಶಾಸ್ತ್ರದಂಥ ಒಂದು ವಿಷಯ ಓದಿ ನೋಡಲಿ. ಆರೋಗ್ಯ ಕ್ಷೇತ್ರದಲ್ಲಿ ಪ್ರಯೋಗಾಲಯವಿದೆ, ಪುನರ್ವಸತಿ ಚಿಕಿತ್ಸೆಯಿದೆ, ಕೃತಕ ಅಂಗಗಳ ತಯಾರಿಕೆಯಿದೆ. ಸೇನೆಯಲ್ಲಿ ಪಡೆದ ತರಬೇತಿಗೆ ಕೆಲವು ಕಾಲೇಜುಗಳು ಕ್ರೆಡಿಟ್ (ಪದವಿಗೆ ಲೆಕ್ಕಕ್ಕೆ ಬರುವ ಅಂಶಗಳು) ಕೊಡುತ್ತವೆ, ಅದರ ದಾಖಲೆ ತರಿಸಿಕೊಳ್ಳಲಿ.

ನಿಮ್ಮ ತಂದೆಯವರಿಗೆ ಡೇನಿಯಲ್ ಇನೊಯೆ ಅವರ ಕಥೆ ಹೇಳಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಾಗಿದ್ದ ಅವರ ಬಲಗೈ 1945ರಲ್ಲಿ ಇಟಲಿಯಲ್ಲಿ ಹೋಯಿತು. ಶಸ್ತ್ರಚಿಕಿತ್ಸಕರಾಗಬೇಕೆಂಬ ಕನಸೂ ಅದರೊಂದಿಗೆ ಹೋಯಿತು. ಮಿಷಿಗನ್‌ನ ಪರ್ಸಿ ಜೋನ್ಸ್ ಸೇನಾ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುವಾಗ ಜೊತೆಗಿದ್ದವರು ಬಾಬ್ ಡೋಲ್, ಅದೇ ಇಟಲಿಯಲ್ಲಿ ಬಲಗೈಯ ಶಕ್ತಿ ಕಳೆದುಕೊಂಡವರು. ಇಬ್ಬರೂ ಜಿಐ ಮಸೂದೆಯ ನೆರವಿನಿಂದ ಕಾಲೇಜಿಗೆ ಹೋಗಿ ಕಾನೂನು ಓದಿದರು, ಇಬ್ಬರೂ ಸೆನೆಟರ್ ಆದರು. ಬರೆಯಲಾಗದ ಡೋಲ್ ಪಾಠಗಳನ್ನು ಧ್ವನಿಮುದ್ರಣ ಯಂತ್ರದಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದರು. ಇನ್ನು ವಯಸ್ಸಿನ ಮಾತು: 1947ರಲ್ಲಿ ಅಮೆರಿಕದ ಕಾಲೇಜುಗಳಿಗೆ ಸೇರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಯುದ್ಧದಿಂದ ಮರಳಿದವರು.

ಒಂದು ಸಂಖ್ಯೆಯನ್ನು ಅವನ ಫೋನಿನಲ್ಲಿ ಈ ಹೊತ್ತೇ ಉಳಿಸಿಕೊಳ್ಳಲಿ, ನೀವೂ ಉಳಿಸಿಕೊಳ್ಳಿ. 988ಕ್ಕೆ ಕರೆಮಾಡಿ 1 ಒತ್ತಿದರೆ ಮಾಜಿ ಸೈನಿಕರ ತುರ್ತು ಸಹಾಯವಾಣಿ. ಹಗಲು ರಾತ್ರಿ ಯಾವಾಗಲೂ ಉತ್ತರಿಸುತ್ತಾರೆ. ಕುಟುಂಬದವರೂ ಕರೆಮಾಡಬಹುದು.

ಪ್ರಶ್ನೆ: ಅಮೆರಿಕದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಈ ವರ್ಷ ತರಗತಿಯಲ್ಲಿ ಒಬ್ಬ ಮಾಜಿ ಸೈನಿಕರಿದ್ದಾರೆ. ಹೇಗೆ ನಡೆದುಕೊಳ್ಳಲಿ?
— ಓದುಗ ಅಧ್ಯಾಪಕ, ಟೆಕ್ಸಾಸ್

ಉತ್ತರ: ಯುದ್ಧದ ಬಗ್ಗೆ ಎಲ್ಲರೆದುರು ಕೇಳಬೇಡಿ, 'ಅಲ್ಲಿ ಹೇಗಿತ್ತು' ಎಂದು ಸಹ. ದೀಪ ಆರಿಸಿ ಚಿತ್ರ ತೋರಿಸುವುದಿದ್ದರೆ, ಗುಂಡಿನ ಸದ್ದು ಇರುವ ದೃಶ್ಯವಿದ್ದರೆ, ಬೆಂಕಿಯ ಅಣಕು ಎಚ್ಚರಿಕೆ ಗಂಟೆ ಬಾರಿಸುವ ದಿನ ಗೊತ್ತಿದ್ದರೆ, ಇಡೀ ತರಗತಿಗೆ ಮೊದಲೇ ತಿಳಿಸಿಬಿಡಿ. ಆಗ ಅವರೊಬ್ಬರನ್ನೇ ಬೊಟ್ಟುಮಾಡಿದಂತಾಗದು. ನೆರವು ಕಚೇರಿಯ ಪತ್ರ ತಂದುಕೊಟ್ಟರೆ ಅದರಲ್ಲಿರುವುದನ್ನು ಚಾಚೂ ತಪ್ಪದೆ ಪಾಲಿಸಿ, ಕಾರಣ ಕೆದಕಬೇಡಿ. ಮೌಲ್ಯಮಾಪನದಲ್ಲಿ ಮಾತ್ರ ಕನಿಕರ ಬೇಡ, ಬರೆದದ್ದು ತಪ್ಪಾಗಿದ್ದರೆ ತಪ್ಪೆಂದೇ ಹೇಳಿ. ಎರಡು ತರಗತಿ ತಪ್ಪಿಸಿಕೊಂಡರೆ ಮೂರನೆಯದಕ್ಕೆ ಕಾಯಬೇಡಿ, ಅಂದೇ ಎರಡು ಸಾಲು ಬರೆದು ಕಳುಹಿಸಿ: ಇಂತಿಂಥ ಪಾಠವಾಯಿತು, ಟಿಪ್ಪಣಿ ಇಟ್ಟಿದ್ದೇನೆ, ಬನ್ನಿ.