ದಸರಾ ಬುಕಿಂಗ್ ಸೈಟಿಗೆ ಈಗಲೇ ಮೈಕ್ರೊಸರ್ವಿಸ್ ಬೇಕಾ?

ನೀವು ಕೇಳಿದ್ದು ಇಷ್ಟು: ಮಂಡ್ಯದಲ್ಲಿ ಇಬ್ಬರು ಸೇರಿ ಮೈಸೂರಿನ ಹೋಂಸ್ಟೇಗಳಿಗೆ ಬುಕಿಂಗ್ ಸೈಟ್ ಮಾಡುತ್ತಿದ್ದೀರಿ. ದಸರಾ ಹೊತ್ತಿಗೆ ಜನ ಮುಗಿಬಿದ್ದರೂ ಅದು ತಡೆದುಕೊಳ್ಳಬೇಕು. ಅದಕ್ಕೆ ಈಗಲೇ ಮೈಕ್ರೊಸರ್ವಿಸ್, ಅಂದರೆ ಒಂದೊಂದು ಕೆಲಸಕ್ಕೂ ಬೇರೆಯಾಗಿ ಓಡುವ ಸಣ್ಣ ಪ್ರೋಗ್ರಾಂ, ಮಾಡಬೇಕಾ?

ಬೇಡ. ಒಂದೇ ಅಪ್ಲಿಕೇಶನ್ ಇರಲಿ. ನಾನು ಮೈಸೂರಿನಲ್ಲಿ ಬ್ಯಾಕೆಂಡ್ (ಸರ್ವರ್ ಕಡೆಯ) ಕೆಲಸ ಮಾಡುವವನು. ಇಬ್ಬರೇ ಎಂಟು ಸರ್ವಿಸ್ ನೋಡಿಕೊಳ್ಳಲು ಹೊರಟರೆ ಡಿಪ್ಲಾಯ್ ಮಾಡುವುದು (ಹೊಸ ಕೋಡ್ ಸರ್ವರಿಗೆ ಏರಿಸುವುದು), ಲಾಗ್ ಹುಡುಕುವುದು ಇದರಲ್ಲೇ ದಿನ ಕಳೆಯುತ್ತದೆ. ಬುಕಿಂಗ್, ಪೇಮೆಂಟ್, ಸರ್ಚ್ ಒಳಗೆ ಬೇರೆ ಬೇರೆ ಮಾಡ್ಯೂಲ್ ಆಗಿದ್ದರೆ ಸಾಕು. ಒಂದು ಮಾಡ್ಯೂಲ್ ಇನ್ನೊಂದರ ಟೇಬಲ್‌ಗೆ ನೇರವಾಗಿ ಕೈ ಹಾಕದಿರಲಿ.

ಈಗಲೇ ಹಿಡಿಯಬೇಕಾದ ನಿಯಮ ಬೇರೆ ಇದೆ. ಆಪ್ ಸರ್ವರ್ ತನ್ನ ಬಳಿ ಏನನ್ನೂ ಇಟ್ಟುಕೊಳ್ಳಬಾರದು. ಆಪ್‌ಗಳನ್ನು ಓಡಿಸಿಕೊಡುವ ಕ್ಲೌಡ್ ಸೇವೆ ಹೆರೋಕುವಿನ ತಂಡದವರು 2011ರಲ್ಲಿ ಬರೆದಿಟ್ಟ 12 ನಿಯಮಗಳಲ್ಲಿ ಇದೂ ಒಂದು. ಲಾಗಿನ್ ಸೆಷನ್ ರೆಡಿಸ್‌ನಲ್ಲಿರಲಿ (ಮೆಮೊರಿಯಲ್ಲಿ ಓಡುವ ವೇಗದ ಡೇಟಾ ಸ್ಟೋರ್), ಮನೆಗಳ ಫೋಟೊ ಅಮೆಜಾನಿನ ಎಸ್3 ತರಹದ ಕ್ಲೌಡ್ ಸ್ಟೋರೇಜ್‌ನಲ್ಲಿರಲಿ. ಫೋಟೊಗಳು ಒಂದೇ ಸರ್ವರಿನ ಡಿಸ್ಕ್‌ನಲ್ಲಿದ್ದರೆ, ಎರಡನೇ ಸರ್ವರ್ ಹಾಕಿದ ದಿನವೇ ಒಂದಷ್ಟು ಜನಕ್ಕೆ ಅವು ಕಾಣುವುದಿಲ್ಲ. ಇದು ಸರಿಯಾಗಿದ್ದರೆ ಬರುವವರನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ ಎಷ್ಟು ಸರ್ವರ್ ಬೇಕೋ ಅಷ್ಟು ಸೇರಿಸಬಹುದು, ಹಬ್ಬ ಮುಗಿದ ಮೇಲೆ ತೆಗೆಯಬಹುದು.

ಆಗ ಭಾರವೆಲ್ಲ ಡೇಟಾಬೇಸ್ ಮೇಲೆ ಬೀಳುತ್ತದೆ. ಜಾಸ್ತಿ ಸೈಟ್‌ಗಳು ಕುಸಿಯುವುದು ಇಲ್ಲೇ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಪ್ರತಿ ಕನೆಕ್ಷನ್‌ಗೂ ಒಂದು ಪ್ರೋಸೆಸ್ ತೆರೆಯುತ್ತದೆ. ಸೆಟ್ಟಿಂಗ್ ಬದಲಿಸದೆ ಸುಮ್ನೆ ಬಿಟ್ಟರೆ ಕನೆಕ್ಷನ್‌ಗಳ ಮಿತಿ 100. ನಾಲ್ಕು ಸರ್ವರ್ ತಲಾ 30 ಕನೆಕ್ಷನ್ ಹಿಡಿದರೆ 120 ಆಯಿತು, ಅಲ್ವಾ? ಸರ್ವರ್ ಸೇರಿಸಿದ್ದಕ್ಕೇ ಎರರ್ ಶುರುವಾಗುತ್ತದೆ. ಮಿತಿ ಏರಿಸುತ್ತಾ ಹೋಗುವ ಬದಲು ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ಪಿಜಿಬೌನ್ಸರ್ ಅನ್ನು ನಡುವೆ ಇಡಿ. ಹೆಚ್ಚು ಓಡುವ ಕ್ವೆರಿಗಳನ್ನು ಎಕ್ಸ್‌ಪ್ಲೇನ್ ಅನಲೈಸ್ ಹಾಕಿ ನೋಡಿ, ಸಮಯ ಎಲ್ಲಿ ಹೋಗುತ್ತಿದೆ ಎಂದು ಆ ಆಜ್ಞೆ ತೋರಿಸುತ್ತದೆ. ಒಂದು ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಸೇರಿಸಿ ಮುಗಿಯುವ ಕೆಲಸಕ್ಕೆ ಹೊಸ ಸರ್ವರ್ ಕೊಳ್ಳುವವರು ತುಂಬಾ ಜನ.

ನಿಮ್ಮ ಸೈಟಿಗೆ ಇನ್ನೊಂದು ತೊಂದರೆ ಇದೆ. ಜಂಬೂಸವಾರಿಯ ಹಿಂದಿನ ರಾತ್ರಿಯ ಕೋಣೆಗೆ ಎಲ್ಲರೂ ಮುಗಿಬೀಳುತ್ತಾರೆ. ಕೋಣೆ ಖಾಲಿ ಇದೆಯಾ ಎಂದು ಮೊದಲು ಓದಿ, ಆಮೇಲೆ ಬುಕಿಂಗ್ ಬರೆಯುವ ಕೋಡ್ ಆಗ ಸಾಲದು. ಇಬ್ಬರು ಒಂದೇ ಕ್ಷಣ ಓದಿದರೆ ಇಬ್ಬರಿಗೂ ಖಾಲಿ ಎಂದೇ ಕಾಣುತ್ತದೆ. ಒಂದು ಸರ್ವರಿನ ಮೆಮೊರಿಯಲ್ಲಿ ಹಾಕಿದ ಲಾಕ್ ಇನ್ನೊಂದು ಸರ್ವರಿಗೆ ಗೊತ್ತೇ ಆಗದು. ಪ್ರತಿ ಕೋಣೆಯ ಪ್ರತಿ ರಾತ್ರಿಗೂ ಒಂದು ಸಾಲು ಬರೆಯಿರಿ. ಕೋಣೆ ಮತ್ತು ದಿನಾಂಕ ಸೇರಿಸಿ ಯುನೀಕ್ ಕನ್‌ಸ್ಟ್ರೇಂಟ್ ಹಾಕಿ, ಅಂದರೆ ಅದೇ ಜೋಡಿ ಎರಡು ಸಲ ಬರಬಾರದೆಂಬ ನಿಯಮ. ಎರಡನೆಯವರನ್ನು ಡೇಟಾಬೇಸೇ ತಡೆಯುತ್ತದೆ. ಹಬ್ಬಕ್ಕೆಂದು ಮಕ್ಕಳನ್ನು ಕರೆದುಕೊಂಡು ದೂರದಿಂದ ಬಂದವರು ಬಾಗಿಲಲ್ಲಿ ನಿಂತು ಕೋಣೆ ಇಲ್ಲ ಅನ್ನಿಸಿಕೊಳ್ಳಬಾರದು.

ಯುಪಿಐ ವಿಷಯದಲ್ಲೂ ಹೀಗೇ. ಪೇಮೆಂಟ್ ಗೇಟ್‌ವೇ ಒಂದೇ ವೆಬ್‌ಹುಕ್ಕನ್ನು (ಹಣ ಬಂತು ಎಂದು ನಿಮ್ಮ ಸರ್ವರಿಗೆ ಬರುವ ಸಂದೇಶ) ಎರಡು ಸಲ ಕಳಿಸಬಹುದು. ಪೇಮೆಂಟ್ ಐಡಿ ಯುನೀಕ್ ಆಗಿದ್ದರೆ ಎರಡನೆಯದನ್ನು ಗುರುತಿಸಿ ಬಿಟ್ಟುಬಿಡಬಹುದು.

ಎಸ್ಸೆಮ್ಮೆಸ್, ಇಮೇಲ್, ರಸೀದಿ ಪಿಡಿಎಫ್ ಎಲ್ಲ ಕ್ಯೂಗೆ (ಕೆಲಸಗಳ ಸರದಿಗೆ) ಹಾಕಿ, ಹಿನ್ನೆಲೆಯಲ್ಲಿ ಓಡುವ ವರ್ಕರ್ ಪ್ರೋಗ್ರಾಂ ಮಾಡಿಕೊಳ್ಳಲಿ. ಮನೆಯ ವಿವರಗಳನ್ನು ಧಾರಾಳವಾಗಿ ಕ್ಯಾಶ್ ಮಾಡಿ, ಅಂದರೆ ಒಮ್ಮೆ ಓದಿದ್ದನ್ನು ಬೇಗ ಕೊಡಲು ಪ್ರತಿ ಇಟ್ಟುಕೊಳ್ಳಿ. ಬುಕ್ ಒತ್ತುವಾಗ ಮಾತ್ರ ಡೇಟಾಬೇಸನ್ನೇ ಕೇಳಿ.

ನವರಾತ್ರಿಗೆ ಒಂದೆರಡು ತಿಂಗಳು ಮುಂಚೆಯೇ ಲೋಡ್ ಟೆಸ್ಟ್ (ಕೃತಕವಾಗಿ ಜನಸಂದಣಿ ತಂದು ನೋಡುವ ಪರೀಕ್ಷೆ) ಮಾಡಿ. ಹೋಂ ಪೇಜ್ ಮೇಲಲ್ಲ, ಒಂದೇ ರಾತ್ರಿಯ ಒಂದೇ ಕೋಣೆಗೆ ನೂರಾರು ಬುಕಿಂಗ್ ಬರುವ ಹಾಗೆ. ನಿಮ್ಮ ಟೇಬಲ್‌ಗಳ ರಚನೆ ಇಲ್ಲಿ ಹಾಕಿದರೆ ಯಾವ ಇಂಡೆಕ್ಸ್ ಬೇಕು ಎಂದು ನೋಡಿ ಹೇಳುತ್ತೇನೆ.