ನೈಫ್‌ನಲ್ಲಿ ‘ಕೆ’ ಯಾಕಿದೆ?

ಮೇಡಂ, ಇಂಗ್ಲಿಷಿನ ನೈಫ್ (knife, ಚಾಕು), ನೀ (knee, ಮಂಡಿ), ನಾಟ್ (knot, ಗಂಟು) ಎಲ್ಲಾ ‘ನ’ದಿಂದ ಶುರುವಾಗುವಾಗ ಮುಂದೆ ‘ಕೆ’ ಯಾಕೆ ಅಂತ ನಿಮ್ಮ ಮಗಳು ಕೇಳಿದ್ದು ತುಂಬಾ ಒಳ್ಳೆಯ ಪ್ರಶ್ನೆ. ಅದು ಸುಮ್ನೆ ಬಂದಿದ್ದಲ್ಲ. ಹಿಂದೆ ಆ ‘ಕ’ವನ್ನೂ ಉಚ್ಚರಿಸುತ್ತಿದ್ದರು. ಹಳೆಯ ಇಂಗ್ಲಿಷಿನಲ್ಲಿ ಚಾಕು ‘ಕ್ನೀಫ್’ ಆಗಿತ್ತು. 17-18ನೇ ಶತಮಾನದ ಹೊತ್ತಿಗೆ ‘ಕ’ ಬಾಯಿಂದ ಬಿದ್ದುಹೋಯಿತು, ಬರಹದಲ್ಲಿ ಮಾತ್ರ ಉಳಿಯಿತು. ಜರ್ಮನ್ನರು ಮಂಡಿಗೆ ಇವತ್ತಿಗೂ ‘ಕ್ನೀ’ ಅಂತಲೇ ಹೇಳುತ್ತಾರೆ.

ನನಗೆ ಜಾಸ್ತಿ ಇಷ್ಟವಾಗುವುದು ಇದು: ತಿಳಿ ಅನ್ನುವ ಅರ್ಥದ ‘ನೋ’ ಮತ್ತು ನಮ್ಮ ‘ಜ್ಞಾನ’ ಒಂದೇ ಬೇರಿನವು. ‘ನೀ’ ಮತ್ತು ಸಂಸ್ಕೃತದ ‘ಜಾನು’ ಕೂಡ ಹಾಗೇ. ಆಜಾನುಬಾಹು ಅಂದರೆ ಮಂಡಿ ಮುಟ್ಟುವಷ್ಟು ಉದ್ದ ತೋಳಿನವನು. ಶ್ರವಣಬೆಳಗೊಳದ ಗೊಮ್ಮಟನ ಇಳಿಬಿಟ್ಟ ತೋಳು ನೋಡಿದಾಗೆಲ್ಲ ನನಗೆ ಈ ಪದ ನೆನಪಾಗುತ್ತದೆ.

ಹಾಸನದಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗನೊಬ್ಬ ‘ಕೆ’ ಬಿಟ್ಟೇ ಬರೆಯುತ್ತಿದ್ದ. ಬರೆಯುವಾಗ ಜೋರಾಗಿ ‘ಕ್ನೈಫ್’, ‘ಕ್ನಾಟ್’ ಅನ್ನು ಅಂದೆ. ನಗುತ್ತಾ ಕಲಿತುಬಿಟ್ಟ. ‘ನೀಡ್’ ಒಂದನ್ನು ಮಾತ್ರ ಬೇರೆಯಾಗಿ ಹೇಳಿಕೊಡಿ. ‘ಕೆ’ ಇಲ್ಲದಿದ್ದರೆ (need) ಬೇಕು ಅಂತ. ‘ಕೆ’ ಇದ್ದು, ನಡುವೆ ‘ಇ’, ‘ಎ’ ಬಂದರೆ (knead) ನಾದುವುದು. ಅಕ್ಕಿರೊಟ್ಟಿಗೆ ಹಿಟ್ಟು ನಾದುವಾಗ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ, ಮರೆಯಲ್ಲ.