ಗೋಯ್, ಶಿಕ್ಸೆ: ಯಾವುದು ಬೈಗುಳ, ಯಾವುದಲ್ಲ?

ಪ್ರಶ್ನೆ: ಅಮೆರಿಕದ ಯೆಹೂದಿ ಮನೆತನವೊಂದರ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಜ್ಜಿ ಪಕ್ಕದ ಮನೆಯವನನ್ನು ‘ಗೋಯ್’ ಅನ್ನುತ್ತಾಳೆ, ಮೊಮ್ಮಗ ಮೆಚ್ಚಿದ ಹುಡುಗಿಯನ್ನು ‘ಶಿಕ್ಸೆ’ ಅನ್ನುತ್ತಾಳೆ. ಇಬ್ಬರೂ ಯೆಹೂದಿಗಳಲ್ಲ. ಎರಡು ಕಡೆಯೂ ‘ಮ್ಲೇಚ್ಛ’ ಎಂದು ಹಾಕಬಹುದೇ? (ಓದುಗರು, ಧಾರವಾಡ)

ಉತ್ತರ: ಬೇಡ. ಎರಡೂ ಹೀಬ್ರೂವಿನಿಂದ ಯಿದ್ದಿಶ್‌ಗೆ (ಪೂರ್ವ ಯುರೋಪಿನ ಯೆಹೂದಿಗಳ ಮನೆಮಾತು) ಬಂದ ಪದಗಳೇ, ಆದರೆ ಬೇರು ಬೇರೆ ಬೇರೆ. ‘ಗೋಯ್’ ಅಂದರೆ ಜನಾಂಗ. ಬೈಬಲ್ಲಿನ ಆದಿಕಾಂಡ 12ರಲ್ಲಿ ದೇವರು ಅಬ್ರಾಮನಿಗೆ ‘ನಿನ್ನನ್ನು ದೊಡ್ಡ ಜನಾಂಗವಾಗಿ ಮಾಡುತ್ತೇನೆ’ ಎಂದು ಮಾತು ಕೊಡುವಾಗ ಬರುವುದು ಇದೇ ಪದ. ವಿಮೋಚನಕಾಂಡ 19ರಲ್ಲಂತೂ ಇಸ್ರಾಯೇಲರೇ ‘ಗೋಯ್ ಕಾದೋಶ್’, ಪವಿತ್ರ ಜನಾಂಗ. ಬಹುವಚನ ‘ಗೋಯಿಮ್’ ಸುತ್ತಲಿನ ಅನ್ಯ ಜನಾಂಗಗಳಿಗೆ ರೂಢಿಯಾಯಿತು. ಮುಂದೆ ರಬ್ಬಿಗಳ (ಯೆಹೂದಿ ಧರ್ಮಗುರುಗಳ) ಬರಹದಲ್ಲಿ ಯೆಹೂದಿಯಲ್ಲದ ಒಬ್ಬ ವ್ಯಕ್ತಿಗೂ ‘ಗೋಯ್’ ಎನ್ನತೊಡಗಿದರು. ಹೀಗಾಗಿ ಅದು ಬೈಗುಳವೋ ಅಲ್ಲವೋ ಎಂಬುದು ಹೇಳುವವರ ದನಿಯ ಮೇಲೆ ನಿಂತಿದೆ. ‘ಗೋಯಿಶರ್ ಕೊಪ್’ (ಗೋಯ್‌ನ ತಲೆ) ಎಂದರೆ ಮಾತ್ರ ದಡ್ಡ ಎಂಬ ಹಂಗಿಸುವಿಕೆಯೇ.

‘ಶಿಕ್ಸೆ’ಯದು ಹುಟ್ಟಿನಿಂದಲೇ ಕಹಿ. ಮೂಲ ‘ಶೆಕೆತ್ಸ್’, ಅಸಹ್ಯವಾದದ್ದು. ಈಜುರೆಕ್ಕೆಯೂ ಪೊರೆಯೂ ಇಲ್ಲದ ಜಲಚರಗಳಿಗೆ, ನೆಲದ ಮೇಲೆ ಹರಿದಾಡುವ ಜಂತುಗಳಿಗೆ ಯಾಜಕಕಾಂಡ 11ರಲ್ಲಿ ಬಳಸಿದ ಪದ ಅದು. ರಬ್ಬಿಗಳ ಚರ್ಚೆಗಳ ಗ್ರಂಥವಾದ ತಾಲ್ಮೂದ್‌ನ ಒಂದು ಕಡೆ ಶಾಸ್ತ್ರ ತಿಳಿಯದ ಯೆಹೂದಿಗಳನ್ನೇ ‘ಶೆಕೆತ್ಸ್’ ಎಂದು ಜರೆದದ್ದೂ ಇದೆ. ಯಿದ್ದಿಶ್‌ನಲ್ಲಿ ಅದೇ ಪದ ಯೆಹೂದಿಯಲ್ಲದ ಹುಡುಗನಿಗೆ ‘ಶೇಗೆಟ್ಸ್’, ಹುಡುಗಿಗೆ ‘ಶಿಕ್ಸೆ’ ಆಯಿತು. ಮಗ ಹೊರಗಿನ ಹುಡುಗಿಯನ್ನು ಕಟ್ಟಿಕೊಂಡಾನೆಂಬ ಮನೆಯವರ ಭಯವೆಲ್ಲ ಆ ಒಂದು ಪದದಲ್ಲಿ ಸೇರಿಕೊಂಡಿತು. ಅಮೆರಿಕದ ಹಾಸ್ಯದಲ್ಲಿ ಅದರ ಮೊನೆ ಮೊಂಡಾಗಿದೆ ನಿಜ, ಆದರೆ ಬೇರು ಬಲ್ಲವರಿಗೆ ಈಗಲೂ ಚುಚ್ಚುತ್ತದೆ. ‘ಶೇಗೆಟ್ಸ್’ ಅಷ್ಟು ಕೆಟ್ಟದಾಗಿ ಉಳಿದಿಲ್ಲ. ತುಂಟಾಟ ಮಾಡುವ ತಮ್ಮ ಮಗನನ್ನೇ ಹಾಗೆ ಗದರುವುದುಂಟು. ಹೆಣ್ಣಿನ ಪದಕ್ಕೇ ವಿಷ ಹೆಚ್ಚು ಅಂಟಿಕೊಂಡಿರುವುದು ಬೇಸರದ ಸಂಗತಿ.

ಅನುವಾದದಲ್ಲಿ ‘ಗೋಯ್’ಗೆ ‘ನಮ್ಮವನಲ್ಲ’, ‘ಹೊರಗಿನವನು’ ಸಾಕು. ಕನ್ನಡ ಬೈಬಲ್ಲಿನ ‘ಅನ್ಯಜನರು’ ಅರ್ಥಕ್ಕೆ ಸರಿ, ಅಜ್ಜಿಯ ಬಾಯಲ್ಲಿ ಗ್ರಾಂಥಿಕವಾಗುತ್ತದೆ. ‘ಶಿಕ್ಸೆ’ಯನ್ನು ಹಾಗೇ ಉಳಿಸಿ, ತಿರಸ್ಕಾರವನ್ನು ವಾಕ್ಯಕ್ಕೆ ಬಿಡಿ: “ಆ ಶಿಕ್ಸೆ ನಮ್ಮ ಹೊಸಿಲು ತುಳಿಯೋದಾ?” ಅಲ್ಲಿ ನಮ್ಮ ಜಾತಿ ಬೈಗುಳವನ್ನಂತೂ ತೂರಿಸಬೇಡಿ, ಆ ಯೆಹೂದಿ ಮನೆಯೊಳಗೆ ನಮ್ಮೂರಿನ ಕೇರಿಗಳು ಎದ್ದು ನಿಲ್ಲುತ್ತವೆ. ‘ಗೋಯಿಮ್‌ಗಳು’ ಎಂದೂ ಬರೆಯಬೇಡಿ, ‘ಗೋಯಿಮ್’ ಆಗಲೇ ಬಹುವಚನ.

ಪ್ರಶ್ನೆ: ‘ಶಬ್ಬಸ್ ಗೋಯ್’ ಎಂದು ಕರೆದರೆ ಅವಮಾನವೇ? (ಓದುಗರು, ಮೈಸೂರು)

ಉತ್ತರ: ಅಲ್ಲ, ಅದು ಕೆಲಸದ ಹೆಸರು. ‘ಶಬ್ಬಸ್’ ಎಂದರೆ ಸಬ್ಬತ್, ಯೆಹೂದಿಗಳ ವಾರದ ವಿಶ್ರಾಂತಿ ದಿನ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಂಪ್ರದಾಯಸ್ಥರು ಬೆಂಕಿ ಹೊತ್ತಿಸುವುದಿಲ್ಲ, ದೀಪದ ಸ್ವಿಚ್ ಮುಟ್ಟುವುದಿಲ್ಲ. ಆ ಕೆಲಸ ಮಾಡಿಕೊಡುವ ನೆರೆಯವನೇ ಶಬ್ಬಸ್ ಗೋಯ್. ಸಾಮಾನ್ಯವಾಗಿ ಆ ದಿನ ನೇರವಾಗಿ ‘ದೀಪ ಹಾಕು’ ಎನ್ನುವುದಕ್ಕೂ ಶಾಸ್ತ್ರ ಒಪ್ಪದು, ಅದಕ್ಕೇ ಮುಂಚೆಯೇ ಹೇಳಿಟ್ಟಿರುತ್ತಾರೆ, ಇಲ್ಲವೇ “ಇಲ್ಲಿ ಕತ್ತಲೆಯಾಗಿದೆ” ಎಂದು ಸೂಚಿಸುತ್ತಾರೆ. ಮುಂದೆ ಅಮೆರಿಕದ ವಿದೇಶಾಂಗ ಸಚಿವರಾದ ಕಾಲಿನ್ ಪೊವೆಲ್ ಹುಡುಗನಾಗಿದ್ದಾಗ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಈ ಕೆಲಸ ಮಾಡಿದ್ದರು.

ಪ್ರಶ್ನೆ: ಯೆಹೂದಿಗಳಲ್ಲದವರೇ ಜಾಲತಾಣಗಳಲ್ಲಿ ‘ಗೋಯಿಮ್’ ಎಂದು ಬರೆದುಕೊಳ್ಳುವುದೇಕೆ? (ಓದುಗರು, ಮಂಗಳೂರು)

ಉತ್ತರ: ಕೆಲವರದು ಬರೀ ಸಲಿಗೆ. ಆದರೆ ‘ಗೋಯಿಮ್‌ಗೆ ಗೊತ್ತಾಗಿದೆ’ ಎಂಬ ಧಾಟಿಯ ಪೋಸ್ಟು ಯೆಹೂದಿದ್ವೇಷಿಗಳದು: ಯೆಹೂದಿಗಳು ಗುಟ್ಟಾಗಿ ಲೋಕವನ್ನು ಆಳುತ್ತಾರೆ ಎಂಬ ಹಳೇ ಸುಳ್ಳಿನ ಸಂಕೇತ. ‘ಗೋಯ್ ಎಂದರೆ ದನ’ ಎಂಬ ವ್ಯಾಖ್ಯಾನವೂ ಅವರು ಹಬ್ಬಿಸಿದ್ದೇ. ಇಂಥದ್ದು ಕಂಡರೆ ತಮಾಷೆಯೆಂದು ಹಂಚಬೇಡಿ, ವರದಿ ಮಾಡಿ.